ಇಲ್ಲದ ಬಸ್ಸು ಹಳ್ಳಕ್ಕೆ ಬಿದ್ದದ್ದು

ನಾನು ಮದುವೆಯಾಗಿ ಕಡೂರಿನಿಂದ ಅಜ್ಜಂಪುರಕ್ಕೆ ಬಂದಾಗ ಆ ಮನೆಯಲ್ಲಿ ಇದ್ದವರು ಇಬ್ಬರೇ: ಅತ್ತೆ, ಮತ್ತು ಅವರ ಒಬ್ಬನೇ ಮಗ, ಅಂದರೆ ನಮ್ಮನೆಯವರು. ಇದ್ದವರು ಅಂತ ಬರೆಯುವುದೇ ತಪ್ಪು. ಅತ್ತೆ ಇರುತ್ತಿದ್ದುದು ತರೀಕೆರೆಯ ತಮ್ಮ ತವರಿನಲ್ಲಿ, ಅದೂ ಅವರು ಲಂಗ ಉಡುತ್ತಿದ್ದ ಕಾಲದ ತವರಿನಲ್ಲಿ. ನಮ್ಮನೆಯವರು ಇರುತ್ತಿದ್ದುದು ಮುಂದಿನ ದೀಪಾವಳಿಯಲ್ಲಿ. ಆ ದೀಪಾವಳಿ ಬಂದುಹೋದರೆ ಅದರಾಚೆಯ ದೀಪಾವಳಿ. ಇವತ್ತಿನ ಒಲೆ, ಇವತ್ತಿನ ನೀರು, ಇವತ್ತಿನ ಹಿಟ್ಟು ಇವೆಲ್ಲ ಹೊಸದಾಗಿ ಬಂದ ಸೊಸೆಯ ಪಾಲಿಗೆ ಬಿಟ್ಟಿದ್ದು.

ನಮ್ಮಪ್ಪ ಕಡೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಹೋದವರ ಮಾತೆತ್ತಿದರೆ ಎದ್ದುಹೋಗುತ್ತಿದ್ದರು. ನಾಳೆಯ ಮಾತೆತ್ತಿದರೆ ‘ನಾಳೆ ನೋಡೋಣ’ ಅನ್ನುತ್ತಿದ್ದರು. ಅಂಥ ಮನೆಯಿಂದ ಬಂದವಳಿಗೆ ಈ ತಾಯಿ ಮಗ ಇಬ್ಬರೂ ಯಾವುದೋ ನಾಟಕದ ಕಂಪನಿಯಿಂದ ತಪ್ಪಿಸಿಕೊಂಡು ಬಂದವರ ಹಾಗೆ ಕಂಡರೆ ಏನು ಆಶ್ಚರ್ಯ?

ಅತ್ತೆಗೆ ತವರಿನ ನೆನಪು ಬರುವುದಕ್ಕೆ ಕಾರಣವೇ ಬೇಕಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ, ‘ನಮ್ಮಪ್ಪನ ಮನೇಲಿ ಉಪ್ಪು ಹಾಕೋಕೇ ಒಬ್ಳು ಇದ್ಲು ಕಣೇ. ಒಗ್ಗರಣೆ ಹಾಕೋಳು ಬೇರೆ’ ಅನ್ನುತ್ತಿದ್ದರು. ಉಪ್ಪು ಸರಿಯಾಗಿದ್ದರೆ, ‘ಇದು ಉಪ್ಪಿನ ರುಚಿ ಅಷ್ಟೆ, ನಮ್ಮಲ್ಲಿ ತುಪ್ಪದ ರುಚಿ ಇರ್ತಿತ್ತು’ ಅನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡದು ತೂಗುಮಂಚದ ಕಥೆ. ನಡುಮನೆಯಲ್ಲಿ ತೇಗದ ತೊಲೆ, ಆ ತೊಲೆಗೆ ಹಿತ್ತಾಳೆ ಸರಪಳಿ, ಸರಪಳಿಗೆ ನಾಲ್ಕು ಜನ ಮಲಗುವಂಥ ಮಂಚ. ಅದರ ಮೇಲೆ ಅವರ ತಾಯಿ ಮಧ್ಯಾಹ್ನ ಎಲೆಅಡಿಕೆ ಹಾಕಿಕೊಂಡು ಒರಗಿದರೆ, ಬಂದ ಅಮಲ್ದಾರನೂ ಜಗಲಿಯಲ್ಲೇ ಕಾಯಬೇಕಾಗಿತ್ತಂತೆ. ಇದನ್ನು ಹೇಳುವಾಗ ಅತ್ತೆಯ ಕಣ್ಣು ಮುಚ್ಚುತ್ತಿತ್ತು, ತಲೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಹೇಳಿ ಮುಗಿಸಿ ಎರಡು ಮುದ್ದೆ ನುಂಗಿ ಮಲಗಿದರೆ ಬೆಳಗಿನ ತನಕ ಮಗ್ಗುಲು ಬದಲಾಯಿಸುತ್ತಿರಲಿಲ್ಲ.

ನಮ್ಮನೆಯವರದು ಹಗ್ಗ, ಮೂಗುದಾರ, ಕೊರಳ ಗಂಟೆ, ಹಿಂಡಿ ಮಾರುವ ಅಂಗಡಿ. ಅಮೃತಮಹಲ್ ದನಗಳ ಹರಾಜಿಗೆ ಬರುವವರು, ಎಮ್ಮೆದೊಡ್ಡಿ ಕಾವಲಿನ ಕಡೆಯಿಂದ ದನ ಹೊಡೆದುಕೊಂಡು ಹೋಗುವವರು ಹಗ್ಗಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ವ್ಯಾಪಾರ ಬಾಗಿಲಿಗೆ ಬಂದು ನಿಂತಿರುತ್ತಿತ್ತು. ಇವರು ಮಾತ್ರ ಗಲ್ಲದ ಮೇಲೆ ಕೈಯಿಟ್ಟುಕೊಂಡು ತಮ್ಮ ಬಸ್ಸಿನ ಬಗ್ಗೆ ಯೋಚನೆ ಮಾಡುತ್ತಿರುತ್ತಿದ್ದರು.

ಬಸ್ಸು ಇರಲಿಲ್ಲ. ಮುಂದೆ ಬರಲಿತ್ತು. ಅಜ್ಜಂಪುರದಿಂದ ಹೊರಟು ಅಮೃತಾಪುರದ ಮೇಲೆ ಹಾದು ತರೀಕೆರೆ ಸೇರುವುದು, ಅಲ್ಲಿಂದ ಕಡೂರು. ಬಣ್ಣ ಹಸಿರು, ನಡುವೆ ಹಳದಿ ಪಟ್ಟೆ. ಮುಂದಿನ ಸೀಟು ಹೆಂಗಸರಿಗೆ, ಅದರಲ್ಲೂ ಕಿಟಕಿ ಪಕ್ಕದ್ದು ನನಗೆ. ಕಂಡಕ್ಟರ್ ಹೊಗೆಸೊಪ್ಪು ಹಾಕಬಾರದು. ಒಂದು ದಿನ ಊಟಕ್ಕೆ ಕೂತವರು ಇದ್ದಕ್ಕಿದ್ದ ಹಾಗೆ ಮುಖ ಕೆಂಪು ಮಾಡಿಕೊಂಡು, ‘ಅವನು ಮುದುಕಿಯೊಬ್ಬಳನ್ನ ನಡುದಾರೀಲಿ ಇಳಿಸಿಬಿಟ್ನಂತೆ, ಕತ್ತು ಹಿಡಿದು ಆಚೆಗೆ ಹಾಕ್ತೀನಿ’ ಅಂದರು. ಯಾರನ್ನು ಅಂತ ಕೇಳಿದೆ. ‘ಕಂಡಕ್ಟರನ್ನ’ ಅಂದರು. ಇನ್ನೂ ಕೆಲಸಕ್ಕೆ ಸೇರಿಸಿಕೊಳ್ಳದ ಕಂಡಕ್ಟರನನ್ನು ನನ್ನ ಗಂಡ ಹುರುಳಿಸಾರಿನ ಮುಂದೆ ಕೂತು ಕೆಲಸದಿಂದ ತೆಗೆದುಹಾಕಿದರು.

ಆ ಬಸ್ಸು ಹಳ್ಳಕ್ಕೆ ಬಿದ್ದದ್ದು ಒಂದು ಮಳೆಗಾಲದಲ್ಲಿ. ತರೀಕೆರೆ ಕಡೆಯಿಂದ ಬರುತ್ತಿದ್ದ ಯಾರದೋ ಬಸ್ಸು ಕೆಸರಿನಲ್ಲಿ ಜಾರಿ ರಸ್ತೆ ಪಕ್ಕದ ಹಳ್ಳಕ್ಕೆ ಒರಗಿತ್ತಂತೆ. ಯಾರಿಗೂ ಏನೂ ಆಗಿರಲಿಲ್ಲ. ಒಂದು ಪೆಂಡಿ ವೀಳ್ಯದೆಲೆ ನೆನೆದುಹೋಯಿತು ಅಂತ ಗಾಡಿಯವನೊಬ್ಬ ಅಂಗಡಿ ಮುಂದೆ ಹೇಳಿ ನಕ್ಕುಹೋದ. ನಮ್ಮನೆಯವರು ನಗಲಿಲ್ಲ. ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ಕಂಬಳಿ ಹೊದ್ದು ಮಲಗಿದರು. ಮಧ್ಯಾಹ್ನ ಉಣ್ಣಲಿಲ್ಲ, ಸಂಜೆ ಉಣ್ಣಲಿಲ್ಲ. ಮರುದಿನವೂ ಎದ್ದೇಳಲಿಲ್ಲ. ಜ್ವರವಿರಬೇಕು ಅಂತ ಹಣೆ ಮುಟ್ಟಿ ನೋಡಿದೆ. ಹಣೆ ತಣ್ಣಗಿತ್ತು.

‘ಏನ್ರೀ ಆಯ್ತು?’

‘ನಮ್ಮ ಬಸ್ಸಾಗಿದ್ರೆ?’

‘ನಮ್ಮದ್ಯಾವ ಬಸ್ಸು?’

‘ಅದೇ ಹೇಳ್ತಿರೋದು. ನಮ್ಮದಾಗಿದ್ರೆ? ಬಸ್ಸು ತುಂಬ ಜನ. ಮುಂದಿನ ಸೀಟಲ್ಲಿ ಆ ಬಸುರಿ ಹೆಂಗಸು.’

‘ಯಾವ ಬಸುರಿ?’

‘ಅಮೃತಾಪುರದಲ್ಲಿ ಹತ್ತಿದೋಳು’ ಅಂದರು. ಅವರ ಕಣ್ಣಲ್ಲಿ ನೀರಿತ್ತು.

ನನಗೆ ರೇಗಿತು. ಅದೇ ಹೊತ್ತಿಗೆ ಹಿತ್ತಲಲ್ಲಿ ಮಳೆ ಬಂದು ನನ್ನ ಸೌದೆಯೆಲ್ಲ ನೆನೆಯುತ್ತಿತ್ತು. ನೆನೆಯುವ ಸೌದೆಗೆ ಅಳದ ಮನುಷ್ಯ ಇಲ್ಲದ ಬಸುರಿಗೆ ಅಳುತ್ತಿದ್ದಾನಲ್ಲ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹಿತ್ತಲಿಗೆ ಹೋದೆ. ಸೌದೆ ಎತ್ತಿ ಒಳಗೆ ಹಾಕಿ ಬರುವಷ್ಟರಲ್ಲಿ ಅತ್ತೆ ಮಗನ ಪಕ್ಕ ಕೂತು ತಲೆ ಸವರುತ್ತಿದ್ದರು.

‘ಎದ್ದೇಳೋ ಮಗ. ನಮ್ಮಪ್ಪನ ಮನೆ ಕಮಾನುಗಾಡೀನೂ ಹಿಂಗೇ ಹಳ್ಳಕ್ಕೆ ಬಿದ್ದಿತ್ತು. ಒಳಗೆ ಬಸುರಿ ಹೆಂಗ್ಸು. ನಮ್ಮ ಚಿಕ್ಕತ್ತೆ. ಏನಾಯ್ತು? ಏನೂ ಆಗ್ಲಿಲ್ಲ. ಗಂಡುಮಗು ಹೆತ್ಲು. ಆ ಮಗು ಈಗ ಬೀರೂರಲ್ಲಿ ಮಂಡಿ ಇಟ್ಕಂಡು ಗುಂಡುಕಲ್ಲಂಗವ್ನೆ.’

ನಮ್ಮನೆಯವರು ಕಂಬಳಿ ಸರಿಸಿದರು. ‘ನಿಜವೇನವ್ವ?’

‘ನಿಜ ಕಣಪ್ಪ. ಗಾಡಿ ಗಾಲಿ ಒಂದು ಮುರೀತು, ಅಷ್ಟೇಯ.’

ಅವರು ಎದ್ದು ಮುಖ ತೊಳೆದು ಎಲೆಯ ಮುಂದೆ ಕೂತರು. ಮೂರು ಸಲ ಸಾರು ಕೇಳಿದರು. ಬೀರೂರಿನಲ್ಲಿ ಹಾಗೊಬ್ಬ ನೆಂಟ ಇರುವ ಸುದ್ದಿ ನಾನು ಅದೇ ಮೊದಲು ಕೇಳಿದ್ದು, ಕಡೆಯ ಸಲವೂ ಅದೇ.

ನನಗೆ ಅನುಮಾನವಿತ್ತು, ಆಧಾರವಿರಲಿಲ್ಲ. ನಾನು ಬಂದ ಮೇಲೆ ಅತ್ತೆ ಒಂದು ಸಲವೂ ತವರಿಗೆ ಹೋಗಿರಲಿಲ್ಲ. ತರೀಕೆರೆಯೇನು ಕಾಶಿಯಲ್ಲ, ಬೆಳಿಗ್ಗೆ ಬಸ್ಸು ಹತ್ತಿದರೆ ಬಿಸಿಲೇರುವ ಮೊದಲೇ ಇಳಿಯಬಹುದು. ಆದರೂ ಹಬ್ಬಕ್ಕೆ ಕರೆ ಬಂದರೆ ಮಂಡಿನೋವು, ಮದುವೆಗೆ ಕರೆ ಬಂದರೆ ತಲೆನೋವು. ಕಡೆಗೊಂದು ಬೇಸಿಗೆಯಲ್ಲಿ, ಅವರ ಅಣ್ಣನಿಗೆ ಮೈ ಸರಿಯಿಲ್ಲ, ತಂಗಿಯನ್ನು ನೋಡಬೇಕು ಅನ್ನುತ್ತಿದ್ದಾರೆ ಅಂತ ಹೇಳಿಕಳಿಸಿದರು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಜೊತೆಗೆ ನಾನು ಹೊರಟೆ. ಕಾಯಿಲೆ ಬಿದ್ದ ಮನುಷ್ಯನನ್ನು ನೋಡುವುದಕ್ಕಿಂತ ಆ ತೂಗುಮಂಚವನ್ನು ನೋಡುವುದು ನನಗೆ ಮುಖ್ಯವಾಗಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ತವರಿನ ವರ್ಣನೆ ಮಾಡಿದರು. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದದ್ದೇ ಮಾತು ನಿಂತಿತು. ಅಡಿಕೆ ಮೂಟೆ ಏರಿಸುತ್ತಿದ್ದ ಗಾಡಿಗಳ ನಡುವೆ ನುಸುಳಿ, ದೊಡ್ಡ ಬೀದಿಯನ್ನು ದಾಟಿ, ಒಂದು ಸಂದಿಗೆ ಕರೆದುಕೊಂಡು ಹೋದರು. ಸಂದಿಯ ಕೊನೆಯಲ್ಲಿ ನಾಡಹೆಂಚಿನ ಮನೆ. ಒಂದು ಪಡಸಾಲೆ, ಒಂದು ಅಡಿಗೆಮನೆ. ತಲೆ ಬಗ್ಗಿಸಿ ಒಳಗೆ ಹೋಗಬೇಕು. ತಲೆಯೆತ್ತಿ ನೋಡಿದೆ. ಸೂರಿಗೆ ಬಿದಿರಿನ ಗಳ. ತೂಗುಮಂಚ ಹಾಗಿರಲಿ, ಒಂದು ಮಗುವಿನ ತೊಟ್ಟಿಲು ಕಟ್ಟಿದರೂ ಕೆಳಗೆ ಬರುವಂಥದ್ದು.

ಅತ್ತೆಯೂ ತಲೆಯೆತ್ತಿ ನೋಡಿದರು. ‘ಸೂರು ಇಳಿಸಿಬಿಟ್ಟಿದಾರೆ’ ಅಂದರು.

ಹಗ್ಗದ ಮಂಚದ ಮೇಲೆ ಕೂತಿದ್ದ ಅವರ ಅಣ್ಣ, ಒಣಗಿದ ಮೈಯ ಮುದುಕರು, ‘ಯಾರೂ ಇಳಿಸಿಲ್ಲ. ಅಪ್ಪ ಹಾಕಿದ ಗಳಾನೇ ಇದು’ ಅಂದರು. ತಂಗಿಯನ್ನು ವರ್ಷಗಳ ಮೇಲೆ ನೋಡಿದ ಮನುಷ್ಯ ಆಡಿದ ಮೊದಲ ಮಾತು ಅದು. ಎರಡನೆಯದು, ಎಡಗಡೆ ಮನೆಯವರ ತಾತ ಇವರ ಗೋಡೆ ಕಡೆಗೆ ನೀರು ತಿರುಗಿಸಿದ್ದರ ಬಗ್ಗೆ. ಆ ಮನೆಯವರ ಜೊತೆ ಮಾತಿಲ್ಲ. ಬಲಗಡೆ ಮನೆಯವರ ಜೊತೆಗೂ ಮಾತಿಲ್ಲ, ಅದಕ್ಕೆ ಬೇರೆ ಕಾರಣ, ಅದನ್ನೂ ಹೇಳಿದರು. ಯಾರು ಯಾವ ಮದುವೆಯಲ್ಲಿ ಇವರನ್ನು ಪಂಕ್ತಿಯಿಂದ ಎಬ್ಬಿಸಿದರು, ಯಾರು ಇವರ ಅಪ್ಪನನ್ನು ಏಕವಚನದಲ್ಲಿ ಕರೆದರು, ಎಲ್ಲವೂ ನೆನ್ನೆ ನಡೆದ ಹಾಗೆ ನೆನಪಿತ್ತು.

ಇದೇ ಸರಿಯಾದ ಸಮಯ ಅನ್ನಿಸಿತು. ‘ಮಾವ, ತೂಗುಮಂಚ ಎಲ್ಲಿ ಹಾಕಿದ್ರಿ?’ ಅಂತ ಕೇಳಿದೆ.

‘ಯಾವ ತೂಗುಮಂಚ?’

‘ಹಿತ್ತಾಳೆ ಸರಪಳೀದು. ಅತ್ತೆ ಹೇಳ್ತಿರ್ತಾರೆ.’

ಅವರು ತಂಗಿಯ ಮುಖ ನೋಡಿದರು. ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

‘ಅದು ದೊಡ್ಡ ಬೀದಿ ಮನೇಲಿದ್ದಿದ್ದು ಕಣಮ್ಮ. ನಮ್ಮವ್ವ ಸತ್ತ ಮೇಲೆ ಇವಳು ಅಲ್ಲಿಗೆ ಕಸ ಗುಡಿಸೋಕೆ ಹೋಗ್ತಿದ್ಲು. ಮಧ್ಯಾಹ್ನ ಆ ಮನೆ ಯಜಮಾನಿ ಮಂಚದ ಮೇಲೆ ಮಲಗಿದ್ರೆ ಇವಳು ನಿಂತ್ಕಂಡು ತೂಗ್ಬೇಕು. ಕೈ ನಿಂತ್ರೆ ಬೈಗುಳ. ಸಂಜೆ ಸೆರಗಿಗೆ ನುಚ್ಚು ಹಾಕೋರು. ನುಚ್ಚಿನ ತುಂಬ ಕಲ್ಲು.’

‘ಕಲ್ಲು ಇರ್ಲಿಲ್ಲ ಕಣಣ್ಣ’ ಅಂದರು ಅತ್ತೆ.

‘ಇತ್ತು.’

‘ಒಂದೊಂದ್ಸಲ ಬೆಲ್ಲಾನೂ ಕೊಡೋರು.’

‘ನಾನು ಕಂಡಿಲ್ಲ.’

‘ನಿಂಗೇ ತಂದು ಕೊಟ್ಟಿದ್ದೆ. ನೀನೇ ಮರ್ತಿದೀಯ.’

‘ನಾನು ಯಾವುದನ್ನೂ ಮರೆತಿಲ್ಲ!’ ಅಂತ ಮುದುಕರು ಕೂಗಿದರು. ಕೂಗಿದ್ದಕ್ಕೆ ಕೆಮ್ಮು ಬಂತು. ಅತ್ತೆ ಎದ್ದು ಬೆನ್ನು ನೀವಿದರು.

ಊಟಕ್ಕೆ ಕೂತೆವು. ಒಂದೇ ಪಾತ್ರೆಯ ಅನ್ನ, ಒಂದೇ ಪಾತ್ರೆಯ ಸಾರು. ಅಣ್ಣ ನಾಲ್ಕು ತುತ್ತು ತಿಂದು, ಎದೆಯುರಿ ಅಂತ ತಟ್ಟೆ ಸರಿಸಿದರು. ಹಲವು ವರ್ಷದಿಂದ ಹೀಗೇ ಅಂತ ಅವರ ಸೊಸೆ ನನಗೆ ಪಿಸುಗುಟ್ಟಿದಳು. ತಂಗಿ ಸಾರಿನ ರುಚಿ ಹೊಗಳಿ ಇನ್ನಷ್ಟು ಹಾಕಿಸಿಕೊಂಡರು. ನೋಡುತ್ತ ಕೂತ ನನಗೆ ಇಬ್ಬರ ಮೇಲೂ ಅಸಹ್ಯ ಬಂತು. ಇಬ್ಬರದೂ ಅದೇ ಮನೆ, ಅದೇ ಹಸಿವು, ಅದೇ ಸಂದಿ. ಒಬ್ಬಾಕೆ ಅದಕ್ಕೆ ತುಪ್ಪ ಸವರಿ ನೆಕ್ಕುತ್ತಿದ್ದಾಳೆ. ಇನ್ನೊಬ್ಬ ಅದರ ಕಲ್ಲನ್ನೇ ಆರಿಸಿ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಾನೆ. ಹೋಗಲಿ, ಮುಗಿಯಿತಲ್ಲ ಅಂತ ಕೈ ತೊಳೆದುಕೊಳ್ಳುವುದಕ್ಕೆ ಇಬ್ಬರಿಗೂ ಬರಲಿಲ್ಲ. ನಿಜ ಹೇಳಿದವರ ಪಕ್ಷ ನನ್ನದು. ಆದರೆ ಆ ನಿಜದ ಮನೆಯಲ್ಲಿ ಇನ್ನೊಂದು ಗಳಿಗೆ ಕೂರುವುದು ಬೇಡವೆನ್ನಿಸಿತು.

ವಾಪಸು ಬರುವಾಗ ಅತ್ತೆ ತಲೆ ತಗ್ಗಿಸುತ್ತಾರೆ ಅಂತ ಕಾದೆ. ಅಮೃತಾಪುರ ದಾಟಿದ ಮೇಲೆ ನಿಟ್ಟುಸಿರು ಬಿಟ್ಟು, ‘ಪಾಪ, ಅಣ್ಣಂಗೆ ಅರಳುಮರಳು ಬಂದ್ಬಿಟ್ಟದೆ. ಎಲ್ಲಾ ಮರೆತುಹೋಗದೆ’ ಅಂದರು.

ಮನೆಗೆ ಬಂದು ನಮ್ಮನೆಯವರಿಗೆ ಎಲ್ಲ ಹೇಳಿದೆ. ಹೇಳುವಾಗ ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವರು ಹಗ್ಗ ಹೊಸೆಯುತ್ತ ಕೂತಿದ್ದವರು ಕೈ ನಿಲ್ಲಿಸಲೂ ಇಲ್ಲ.

‘ಗೊತ್ತು’ ಅಂದರು.

‘ಏನು ಗೊತ್ತು?’

‘ಅವ್ವ ಅಲ್ಲಿ ಕೆಲಸಕ್ಕೆ ಹೋಗ್ತಿದ್ದಿದ್ದು. ಅಪ್ಪಂಗೂ ಗೊತ್ತಿತ್ತು. ಈ ಬೀದೀಲಿ ವಯಸ್ಸಾದೋರಿಗೆಲ್ಲ ಗೊತ್ತು. ನೀನು ನಂಬಿಬಿಟ್ಟಿದ್ದೇನೆ?’

‘ಮತ್ತೆ ಬಸ್ಸು ಬಿದ್ದಾಗ ಆ ಕಮಾನುಗಾಡಿ ಕಥೆ ಕೇಳಿ ಎದ್ದು ಉಂಡ್ರಲ್ಲ?’

‘ಹಸಿವಾಗಿತ್ತು. ಏಳೋಕೆ ಒಂದು ಮಾತು ಬೇಕಾಗಿತ್ತು. ನೀನು ಹೇಳ್ಲಿಲ್ಲ, ಅವ್ವ ಹೇಳಿದ್ಲು’ ಅಂದರು.

ನಾನು ಹೇಳಬೇಕಿತ್ತಂತೆ. ಏನು ಹೇಳುವುದು? ಬಸುರಿಗೆ ಏನೂ ಆಗಲಿಲ್ಲ ಅಂತಲೋ? ಮೊದಲಿನಿಂದಲೂ ತಾಯಿ ಮಗ ಸೇರಿ ಬೇಕೆಂದೇ ನಡೆಸುತ್ತಿದ್ದ ಈ ಆಟದಲ್ಲಿ ತಿಳಿಯದವಳು ನಾನೊಬ್ಬಳೇ ಆಗಿದ್ದೆನೆಂಬ ಸಿಟ್ಟು ನನಗೆ ಹತ್ತಿಕೊಂಡಿತು. ಆಡುವುದಾದರೆ ನಿಜದ ಬಸ್ಸಿನಲ್ಲೇ ಆಡಲಿ ಅಂತ ಹಟ ಹಿಡಿದು, ಎಲ್ಲಾದರೂ ಒಂದು ಬಸ್ಸು ನೋಡಿ ಅಂತ ನಮ್ಮಪ್ಪನಿಗೆ ಹೇಳಿಕಳಿಸಿದೆ.

ಅಪ್ಪ ಕೆಲಸಗಾರರು. ಕೆಲವೇ ತಿಂಗಳಲ್ಲಿ ಒಬ್ಬರನ್ನು ಹುಡುಕಿದರು. ಕಡೂರಿನವರು, ಹಳೆಯದೊಂದು ಬಸ್ಸು ಇಟ್ಟುಕೊಂಡಿದ್ದರು. ಅಜ್ಜಂಪುರದ ಕಡೆಯ ಓಡಾಟ ನೋಡಿಕೊಳ್ಳಲು ಒಬ್ಬ ಪಾಲುದಾರ ಬೇಕಾಗಿತ್ತು. ನಾನೂ ನಮ್ಮನೆಯವರೂ ರೈಲಿನಲ್ಲಿ ಕಡೂರಿಗೆ ಹೋದೆವು. ಇವರು ತೊಳೆದ ಪಂಚೆ ಉಟ್ಟು, ಮದುವೆಯ ಕೋಟು ಹಾಕಿಕೊಂಡಿದ್ದರು.

ಬಸ್ಸು ಒಂದು ಬೇವಿನ ಮರದ ಕೆಳಗೆ ನಿಂತಿತ್ತು. ಮೂತಿ ಜಜ್ಜಿಹೋಗಿತ್ತು, ಸೀಟಿನಿಂದ ತೆಂಗಿನ ನಾರು ಹೊರಗೆ ಬಂದಿತ್ತು. ಹಿಂದಿನ ಸೀಟಿಗೆ ಯಾರೋ ಕುರಿಮರಿ ಕಟ್ಟಿ ಹೋಗಿದ್ದರು. ಆದರೂ ಓಡುತ್ತಿತ್ತು. ಡ್ರೈವರ್ ಸ್ಟಾರ್ಟ್ ಮಾಡಿ ತೋರಿಸಿದ. ನೆಲ ನಡುಗಿತು, ಕುರಿಮರಿ ಅರಚಿತು. ನಮ್ಮನೆಯವರು ಒಂದು ಸುತ್ತು ಬಂದರು.

‘ಹಸಿರು ಬಣ್ಣ ಹೊಡೆಸಬಹುದಾ?’ ಅಂತ ಕೇಳಿದರು.

‘ಏನು ಬೇಕಾದ್ರೂ ಹೊಡೆಸ್ಕೊಳಿ ಸ್ವಾಮಿ’ ಅಂದರು ಯಜಮಾನರು.

ಹತ್ತಿ ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತರು. ಸ್ವಲ್ಪ ಹೊತ್ತು ಕೂತಿದ್ದು ಇಳಿದು ಬಂದರು. ಯಜಮಾನರಿಗೆ ಕೈ ಮುಗಿದು, ಯೋಚನೆ ಮಾಡಿ ಹೇಳ್ತೀನಿ ಅಂದರು. ರೈಲಿನಲ್ಲಿ ಬೀರೂರು ದಾಟಿದ ಮೇಲೆ ‘ಬೇಡ ಕಣೇ. ಅದು ನಮ್ಮ ಬಸ್ಸಲ್ಲ’ ಅಂದರು.

ನಾನು ಅವರ ಜೊತೆ ಮಾತು ಬಿಟ್ಟೆ. ಬಿಟ್ಟದ್ದು ಅವರಿಗೆ ಗೊತ್ತಾಗಲೂ ಇಲ್ಲ. ಅವರೇ ಮಾತು ನಿಲ್ಲಿಸಿದ್ದರು. ಬಸ್ಸಿನ ಸುದ್ದಿ ಎತ್ತಲಿಲ್ಲ, ದೀಪಾವಳಿಯ ಸುದ್ದಿ ಎತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಅಂಗಡಿ ತೆಗೆದರು, ಕೇಳಿದವರಿಗೆ ಕೇಳಿದ ಹಗ್ಗ ಕೊಟ್ಟರು. ಆ ದಿನಗಳಲ್ಲಿ ನಡೆದಷ್ಟು ವ್ಯಾಪಾರ ಹಿಂದೆಂದೂ ನಡೆದಿರಲಿಲ್ಲ. ನಾನು ಬಯಸಿದ ಗಂಡ ಕಡೆಗೂ ಸಿಕ್ಕಿದ್ದ. ಅವನ ಎದುರಿಗೆ ಕೂತು ಉಣ್ಣಲಾಗುತ್ತಿರಲಿಲ್ಲ. ಮುಖ ಅಷ್ಟು ಸತ್ತುಹೋಗಿತ್ತು.

ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ತಟ್ಟೆಯ ಮೇಲೆ ಈರುಳ್ಳಿ ಕಂಡು ಕೈ ನಿಲ್ಲಿಸಿದರು. ‘ಲಾರಿ’ ಅಂದರು.

‘ಏನು?’

‘ಬಸ್ಸಾದ್ರೆ ಜನ. ಬಿದ್ರೆ ಪಾಪ ಸುತ್ಕೊಳುತ್ತೆ. ಲಾರಿಯಾದ್ರೆ ಬರೀ ಈರುಳ್ಳಿ. ಬಿದ್ರೆ ಆರಿಸ್ಕೊಬಹುದು.’

ಅತ್ತೆ ಕೂಡಲೇ, ತಮ್ಮ ಅಪ್ಪನ ಮನೆಯ ಈರುಳ್ಳಿ ಒಂದೊಂದೂ ತೆಂಗಿನಕಾಯಿ ಗಾತ್ರ ಇರುತ್ತಿತ್ತು ಅಂದರು. ಮನೆ ಮೊದಲಿನ ಹಾಗಾಯಿತು.

ಇಷ್ಟೆಲ್ಲ ಆದ ಮೇಲೆ ಕಾಯಿಲೆ ಬಿದ್ದವರು ಯಾರು ಅಂದರೆ ನಾನು. ಇದ್ದದ್ದನ್ನು ಇದ್ದ ಹಾಗೆ ನೋಡುತ್ತ, ಯಾರ ಸುಳ್ಳನ್ನೂ ನಂಬದೆ ಬದುಕಿದವಳ ಹೊಟ್ಟೆಯಲ್ಲಿ ಹುಣ್ಣು. ಕಡೂರಿನಲ್ಲಿ ಒಬ್ಬ ವೈದ್ಯರು ನೋಡಿದರು.

‘ಮನೇಲಿ ಏನು ಚಿಂತೆ ತಾಯಿ?’

‘ಚಿಂತೆ ಮಾಡೋಕೆ ನಂಗೆ ಪುರುಸೊತ್ತಿಲ್ಲ’ ಅಂದೆ.

‘ಮಲಗಿದ ಮೇಲೆ ಏನು ನೆನಪಾಗುತ್ತೆ?’

‘ಸೌದೆ ಹಸಿ ಇದೆ ಅಂತ.’

ಅವರು ಬಿಳಿ ಔಷಧದ ಸೀಸೆ ಕೊಟ್ಟು, ಖಾರ ಬಿಡಿ, ಮಲಗುವ ಮುಂಚೆ ಮನಸ್ಸಿಗೆ ಹಿತವಾದದ್ದೇನಾದರೂ ನೆನೆಸಿಕೊಳ್ಳಿ ಅಂದರು. ಅಷ್ಟು ಓದಿದವರು ಹೇಳುವುದೂ ನಮ್ಮತ್ತೆ ಹೇಳುವುದೂ ಒಂದೇ ಆದರೆ ಅಷ್ಟು ಓದುವುದೇಕೆ?

ಅತ್ತೆಗೆ ಇದು ತಿಳಿದು ಬಹಳ ಸಂತೋಷವಾಯಿತು. ಮಧ್ಯಾಹ್ನ ಚಾಪೆ ಹಾಸಿ ನನ್ನ ಪಕ್ಕ ಮಲಗಿ, ‘ಚಿಕ್ಕೋಳಿದ್ದಾಗಿನದು ಏನಾದ್ರೂ ನೆನೆಸ್ಕಳೇ’ ಅಂದರು.

ನೆನೆಸಿಕೊಂಡೆ. ಅಪ್ಪನ ಕಬ್ಬಿಣದ ಗಜಕೋಲು ಬಂತು. ಅವ್ವ ಕೆಮ್ಮುತ್ತಿದ್ದದ್ದು ಬಂತು. ಅದನ್ನೇ ಹೇಳಿದೆ.

‘ಅಂಥದ್ದಲ್ಲ ಕಣೇ. ಚೆನ್ನಾಗಿರೋದು.’

‘ಇಲ್ಲ ಅತ್ತೆ.’

‘ಇಲ್ದಿದ್ರೆ ಮಾಡ್ಕಳೇ. ಯಾರು ಬಂದು ನೋಡ್ತಾರೆ?’

ನಾನು ಅವರ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ‘ಸುಳ್ಳು ಹೇಳ್ಕೊಂಡು ಬದುಕೋದು ನಂಗಾಗಲ್ಲ’ ಅಂದೆ.

‘ಹೇಳು ಅಂದೋರ್ಯಾರು? ಸುಮ್ನೆ ಇಟ್ಕಾ’ ಅಂದರು. ಹಾಗೆಂದು ಗೊರಕೆ ಹೊಡೆದರು.

ಅವರ ಅಣ್ಣ ಆ ವರ್ಷವೇ ಹೋದರು, ಎದೆಯುರಿಯ ಜೊತೆಗೇ. ಅತ್ತೆ ಇನ್ನೂ ಎಷ್ಟೋ ವರ್ಷ ಗಟ್ಟಿಯಾಗಿದ್ದರು. ಒಂದು ಬೆಳಿಗ್ಗೆ ರೊಟ್ಟಿ ತಿಂದು ಕೈ ತೊಳೆದು ಗೋಡೆಗೆ ಒರಗಿದವರು ಹಾಗೇ ಹೊರಟುಹೋದರು. ಲಾರಿ ಬರಲಿಲ್ಲ. ನಮ್ಮನೆಯವರು ಅದಕ್ಕೂ ಎರಡು ಸಲ ಬಣ್ಣ ಬದಲಾಯಿಸಿದರು.

ಅದೆಲ್ಲ ಆಮೇಲಿನ ಮಾತು. ಹುಣ್ಣಿನ ಆ ವರ್ಷ ನಾನು ತಿಂಗಳಿಗೊಂದು ಸಲ ಔಷಧಕ್ಕೆಂದು ಕಡೂರಿಗೆ ಹೋಗಬೇಕಾಯಿತು, ಒಬ್ಬಳೇ. ರೈಲಿನಲ್ಲಿ ಪಕ್ಕದವರಿಗೆ ನಾನು ಯಾರೆಂದು ಗೊತ್ತಿರುತ್ತಿರಲಿಲ್ಲ, ನನಗೂ ಅವರು ಯಾರೆಂದು ಬೇಕಿರಲಿಲ್ಲ. ಬೀರೂರು ಸ್ಟೇಷನ್ನಿನಲ್ಲಿ ಗಾಡಿ ಬದಲಾಯಿಸುವಾಗ ಕಲ್ಲುಬೆಂಚಿನ ಮೇಲೆ ಕೂತು, ಚಟ್ನಿ ಬೇಡವೆಂದು ಬರೀ ಇಡ್ಲಿ ತಿನ್ನುತ್ತಿದ್ದೆ. ಯಾರಿಗೂ ಬಡಿಸದೆ, ಬಿಸಿಬಿಸಿಯಾಗಿ, ಕೂತು ತಿನ್ನುವುದು. ಒಂದು ಸಲ ಮನೆಯಲ್ಲಿ ರಾಗಿ ಕೇರುತ್ತಿದ್ದಾಗ, ‘ಏನೇ ಒಬ್ಳೇ ನಗ್ತಿದೀಯ?’ ಅಂತ ಅತ್ತೆ ಕೇಳಿದರು. ಏನಿಲ್ಲ ಅಂದೆ. ಆ ವಾರ ಕಡೂರಿಗೆ ಹೋಗುವುದಿತ್ತು. ನಾನೂ ಇವರ ಪೈಕಿಯೇ ಆದೆನಲ್ಲ ಅಂತ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಆದರೂ ಮೊರ ಆಡಿಸುವ ಕೈ ಹಗುರವಾಗಿತ್ತು.

ಮುಂದಿನ ಚಳಿಗಾಲದಲ್ಲಿ ವೈದ್ಯರು ಹೊಟ್ಟೆ ಒತ್ತಿ ನೋಡಿ, ‘ಹುಣ್ಣು ಮಾಯ್ದಿದೆ, ಇನ್ನು ಬರಬೇಕಾಗಿಲ್ಲ’ ಅಂದರು.

‘ಇನ್ನೂ ಒಂಚೂರು ನೋವಿದೆ’ ಅಂದೆ.

‘ಎಲ್ಲಿ?’

ಪಕ್ಕೆಯ ಹತ್ತಿರ ಒಂದು ಜಾಗ ತೋರಿಸಿದೆ. ಅವರು ಅಲ್ಲಿ ಒತ್ತಿದರು, ನನ್ನ ಮುಖ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮತ್ತೊಂದು ಸೀಸೆ ಕೊಟ್ಟು, ಮುಂದಿನ ತಿಂಗಳು ಬನ್ನಿ ಅಂದರು.